ಪಡುವಣ ಮೂಲೆಯ ಶೀಟುಗಳು

ಹನಿ ಬಿದ್ದದ್ದು ಮದುವೆಯ ಗೌನಿನ ಎದೆಯ ಮೇಲೆ. ಒಂದು ಗೇಣು ಆಚೆ ಬಿದ್ದಿದ್ದರೆ ನೆಲ ಒದ್ದೆಯಾಗುತ್ತಿತ್ತು, ಅಷ್ಟೆ. ತೋಳಿನ ಮೇಲೆ ಬಿದ್ದಿದ್ದರೂ ಆ ತೋಳನ್ನು ಬಿಚ್ಚಿ ಬೇರೆ ಕೂರಿಸಬಹುದಿತ್ತು. ಎದೆಯ ನಟ್ಟನಡುವೆ, ಮುತ್ತಿನ ಕೆಲಸದ ಪಕ್ಕದಲ್ಲೇ ಬಿತ್ತು. ಬರೀ ನೀರಾಗಿದ್ದರೆ ಒಣಗುತ್ತಿತ್ತು. ಅದು ಚಾವಣಿಯ ತುಕ್ಕನ್ನು ಕರಗಿಸಿಕೊಂಡು ಬಂದ ನೀರು. ಕೆನೆಬಣ್ಣದ ರೇಷ್ಮೆಯ ಮೇಲೆ ಕಂದು ಕಲೆ ಕಣ್ಣೆದುರೇ ಅರಳಿತು. ಟೇಲರಮ್ಮ ಕತ್ತರಿ ಹಿಡಿದುಕೊಂಡು ಅದನ್ನೇ ನೋಡುತ್ತ ನಿಂತಳು. ತುಕ್ಕಿನ ಕಲೆ ಹೋಗುವುದಿಲ್ಲ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಾರನೆಯ ದಿನ ಗೌನು ಒಯ್ಯಲು ಬಂದ ಮದುಮಗಳ ತಾಯಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಕಲೆಯನ್ನು ನೋಡಿದಳು, ತಲೆಯೆತ್ತಿ ಚಾವಣಿ ನೋಡಿದಳು, ಕೋಣೆಯ ತುಂಬ ಅಲ್ಲಲ್ಲಿ ಇಟ್ಟಿದ್ದ ಬಕೆಟ್ಟು, ಬೋಗುಣಿ, ಹಿಡಿ ಮುರಿದ ಕುಕ್ಕರುಗಳನ್ನು ನೋಡಿದಳು.

"ನಿಮ್ಮ ಕೈ ಬಂಗಾರ ಕಣ್ರೀ, ಅದ್ರಲ್ಲಿ ಎರಡು ಮಾತಿಲ್ಲ. ಸೋರೋ ಸೂರಿನ ಕೆಳಗೆ ಬಟ್ಟೆ ಕೊಟ್ಟಿದ್ದು ನಮ್ಮ ತಪ್ಪು," ಎಂದು ಹೇಳಿ, ಗೌನನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಹೋದಳು.

ಅವಳ ಹಿಂದೆಯೇ ಟೇಲರಮ್ಮನೂ ಇಳಿದಳು. ಕೆಳಗೆ ಅಣ್ಣನ ಕನ್ನಡಕದ ಅಂಗಡಿ. ಅವನು ಯಾರದೋ ಮೂಗಿನ ಮೇಲೆ ಹೊಸ ಫ್ರೇಮು ಏರಿಸಿ, ಎರಡು ಹೆಜ್ಜೆ ಹಿಂದೆ ಸರಿದು, "ಎಲ್ಲಿ, ನೋಡೋಣ" ಎನ್ನುತ್ತಿದ್ದ. ಆ ಬೀದಿಯಲ್ಲಿ ಅವನಿಗೆ ನೋಡೋಣಣ್ಣ ಎಂದೇ ಹೆಸರು. ಅಂಗಡಿಯ ಒಳಗಿನ ನೋಡೋಣ ಬೇರೆ, ಹೊರಗಿನ ನೋಡೋಣ ಬೇರೆ. ಹೊರಗಿನದಕ್ಕೆ ಅರ್ಥ ಒಂದೇ: ಆಗುವುದಿಲ್ಲ, ಆದರೆ ಆಗುವುದಿಲ್ಲ ಎಂದು ಹೇಳುವ ಶ್ರಮವನ್ನೂ ನಾನು ತೆಗೆದುಕೊಳ್ಳುವುದಿಲ್ಲ.

"ಅಣ್ಣ, ಗೌನು ಹಾಳಾಯ್ತು. ಬರೋ ಬಿಸಿಲುಗಾಲದಲ್ಲಾದ್ರೂ ಶೀಟು ಬದಲಾಯಿಸ್ಲೇಬೇಕು."

"ಅಯ್ಯೋ ಪಾಪ," ಎಂದ ಅಣ್ಣ. ಅವನ ಮುಖದಲ್ಲಿ ಮರುಕ ನಿಜವಾಗಿಯೂ ಇತ್ತು. ಅದೇ ಅವಳಿಗೆ ಸಹಿಸಲಾಗದ ಸಂಗತಿ. "ಮಳೆ ನಿಲ್ಲಲಿ. ನೋಡೋಣ."

ಅಪ್ಪ ಸಾಯುವಾಗ ಕಟ್ಟಡವನ್ನು ಹಂಚಿದ್ದು ಹೀಗೆ: ಕೆಳಗಿನದು ಮಗನಿಗೆ, ಮೇಲಿನದು ಕಿರಿಯ ಮಗಳಿಗೆ, ಸೂರು ಇಬ್ಬರಿಗೂ. ಜಗಳವಾಡಿದರೂ ಮಕ್ಕಳು ಒಂದೇ ಸೂರಿನಡಿ ಆಡಲಿ ಎಂಬುದು ಅವರ ಆಸೆ. ಸೂರು ಇಬ್ಬರದಾದರೂ ಸೋರಿಕೆ ಒಬ್ಬಳದೇ ಆಗುತ್ತದೆ ಎಂದು ಅವರಿಗೆ ಹೊಳೆದಿರಲಿಲ್ಲ. ಹನಿಗಳನ್ನೆಲ್ಲ ಟೇಲರಮ್ಮನ ಬಕೆಟ್ಟುಗಳೇ ಹಿಡಿದುಬಿಡುತ್ತಿದ್ದವು. ಕೆಳಗೆ ಅಣ್ಣನ ಗಾಜಿನ ಕಪಾಟುಗಳು ಮಳೆಗಾಲವಿಡೀ ಫಳಫಳ ಹೊಳೆಯುತ್ತಿದ್ದವು.

ಅವಳೇನು ಕೈಕಟ್ಟಿ ಕೂತಿರಲಿಲ್ಲ. ಚಾವಣಿಯವರನ್ನು ಹುಡುಕಿ ಹುಡುಕಿ ಕರೆಸಿದ್ದಳು. ಒಬ್ಬ ರಸ್ತೆಯಲ್ಲೇ ನಿಂತು, ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿ, "ಪೂರ್ತಿ ಕಿತ್ತು ಹೊಸದು ಹಾಕ್ಬೇಕು" ಎಂದಿದ್ದ. ಅವನು ಏಣಿಯನ್ನೇ ತಂದಿರಲಿಲ್ಲ. ಇನ್ನೊಬ್ಬ ಹತ್ತಿದ, ಮೇಲೆಲ್ಲ ಧಡಧಡ ಓಡಾಡಿದ, ಒಂದು ಕಡೆ ಟಾರು ಬಳಿದು "ಇನ್ನು ಹತ್ತು ವರ್ಷ ಯೋಚ್ನೆ ಮಾಡ್ಬೇಡಿ" ಎಂದು ಇಳಿದ. ಅವನು ಎಲ್ಲೆಲ್ಲಿ ಕಾಲಿಟ್ಟಿದ್ದನೋ ಅಲ್ಲೆಲ್ಲ ಮುಂದಿನ ಮಳೆಗೆ ಸೋರಿತು. ಮತ್ತೊಬ್ಬನಿಗೆ ಫೋನು ಮಾಡಿದಾಗಲೆಲ್ಲ "ದಾರೀಲಿದ್ದೀನಿ ಅಮ್ಮ" ಎನ್ನುತ್ತಿದ್ದ. ಅವನು ಹೊರಟು ಎರಡು ಮಳೆಗಾಲ ಕಳೆದಿದ್ದವು. ಭೂಮಿಯನ್ನು ಇನ್ನೊಂದು ಕಡೆಯಿಂದ ಸುತ್ತು ಹಾಕಿಕೊಂಡು ಬರುತ್ತಿರಬೇಕು.

ಕೊನೆಗೆ ಸಿಕ್ಕವನು ಮೀಸೆ ಮೇಸ್ತ್ರಿ. ಅವನ ಮೀಸೆ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಈ ಊರಿನ ಮುಕ್ಕಾಲು ಪಾಲು ತಲೆಗಳು ಒಣಗಿರುವುದು ತನ್ನಿಂದಲೇ ಎಂಬಂತೆ ಮಾತಾಡುತ್ತಿದ್ದ. ಆದರೆ ಹೇಳಿದ ದಿನ ಬಂದ, ಏಣಿ ತಂದ, ಒಳಗಿನಿಂದ ಅಟ್ಟಕ್ಕೂ ಹತ್ತಿ ನೋಡಿದ.

"ಒಂದು ಕಡೆ ಸೋರಿದ್ರೆ ತೇಪೆ ಹಾಕಿ ಅಮ್ಮ. ತೇಪೆ ಹಾಕಿದ ಮೇಲೆ ಇನ್ನೊಂದು ಕಡೆ ಸೋರಿದ್ರೆ ಅದಕ್ಕೂ ಹಾಕಿ. ಮೂರನೇ ಕಡೆ ಸೋರ್ತು ಅಂದ್ರೆ ಶೀಟಿನ ಆಯಸ್ಸು ಮುಗೀತು ಅಂತ. ಮಟಮಟ ಮಧ್ಯಾಹ್ನ ಅಟ್ಟ ಹತ್ತಿ, ಬಾಗಿಲು ಹಾಕ್ಕೊಂಡು ಕತ್ತಲಲ್ಲಿ ನಿಂತ್ಕೊಳ್ಳಿ. ನಕ್ಷತ್ರ ಕಂಡ್ರೆ ನನ್ನ ಕರೀರಿ."

ಅವಳು ನಿಂತು ನೋಡಿದ್ದಳು. ಹಾಡಹಗಲಿನಲ್ಲಿ ಆಕಾಶಗಂಗೆಯೇ ಕಂಡಿತ್ತು.

"ಹಾಗಾದ್ರೆ ಯಾವಾಗ ಶುರು ಮಾಡ್ತೀರಿ?" ಎಂದು ಕೇಳಿದರೆ ಮೇಸ್ತ್ರಿ ಮೀಸೆ ನೀವಿಕೊಂಡ. "ಅರ್ಧ ತಲೆಗೆ ಟೋಪಿ ಹಾಕಕ್ಕಾಗಲ್ವಲ್ಲ ಅಮ್ಮ. ಸೂರಲ್ಲಿ ನಿಮ್ಮಣ್ಣನ ಪಾಲೂ ಇದೆ. ಅವರೂ ಹೂಂ ಅನ್ಲಿ, ಅವತ್ತೇ ಬರ್ತೀನಿ. ಎರಡು ದಿನದ ಕೆಲಸ."

ಎರಡು ದಿನದ ಆ ಕೆಲಸಕ್ಕೆ ಬೇಕಾದ ಒಂದು ಹೂಂ ಅವಳಿಗೆ ಇಷ್ಟು ವರ್ಷಗಳಲ್ಲಿ ಸಿಕ್ಕಿರಲಿಲ್ಲ. ಬೆಳಿಗ್ಗೆ ಹೇಳಿದಳು, ಊಟದ ಹೊತ್ತಿನಲ್ಲಿ ಹೇಳಿದಳು, ಗಿರಾಕಿಗಳ ಎದುರು ಹೇಳಿದಳು, ಅಳುತ್ತ ಹೇಳಿದಳು, ಬೈದು ಹೇಳಿದಳು. ಅತ್ತಿಗೆಯ ಕೈಲಿ ಹೇಳಿಸಿದಳು. ಒಮ್ಮೆ ತುಂಬಿದ ಬಕೆಟ್ಟನ್ನು ಒಯ್ದು ಅವನ ಕೌಂಟರಿನ ಮೇಲೇ ಇಟ್ಟಳು. ಅವನು ಅದರಲ್ಲಿ ಇಣುಕಿ, "ಛೆ ಛೆ" ಎಂದು, ಬಕೆಟ್ಟನ್ನು ತಾನೇ ಹೊರಗೆ ಚೆಲ್ಲಿ ಬಂದ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಕಿವಿಯನ್ನಾದರೂ ಆಡಿಸೀತು.

ಗೌನು ಹಾಳಾದ ವಾರ ಅವಳು ವಿಮೆ ಕಂಪನಿಗೆ ಫೋನು ಮಾಡಿದಳು. ಕಟ್ಟಡದ ಮೇಲೆ ಅಪ್ಪನ ಕಾಲದಿಂದ ವಿಮೆ ಇತ್ತು. ಅದನ್ನು ಮರೆಯದೆ ಮುಂದುವರಿಸಿಕೊಂಡು ಬಂದವಳೂ ಅವಳೇ. ಅತ್ತ ಕಡೆಯ ಹೆಣ್ಣುದನಿ ಬಹಳ ನಯವಾಗಿತ್ತು.

"ಹಳೇದಾಗಿ ಸೋರಿದ್ರೆ ಅದು ನಮ್ಮ ಲೆಕ್ಕಕ್ಕೆ ಬರಲ್ಲ ಅಮ್ಮ. ಬಿರುಗಾಳಿಗೆ ಹಾರಿಹೋದ್ರೆ ಹೊಸ ಚಾವಣಿನೇ ಹಾಕಿಸಿಕೊಡ್ತೀವಿ."

"ಮಾಲೀಕರು ಇಬ್ಬರಿದ್ರೆ? ಇಬ್ಬರೂ ಒಪ್ಪಬೇಕಾ?"

"ಹಾರಿಹೋದ ಮೇಲೆ ಒಪ್ಪೋದೇನಿದೆ? ಒಬ್ಬರು ತಿಳಿಸಿದ್ರೂ ಸಾಕು."

ಟೇಲರಮ್ಮ ಫೋನು ಇಟ್ಟು ಮೆಷಿನ್ನಿನ ಮುಂದೆ ಕೂತಳು. ಬಹಳ ಹೊತ್ತು ಪೆಡಲ್ ತುಳಿಯಲಿಲ್ಲ. ಅಣ್ಣನ ಹೂಂ ಬೇಕಾಗಿಲ್ಲದ ಒಂದು ದಾರಿ ಇಷ್ಟು ವರ್ಷ ಕಣ್ಣೆದುರೇ ಬಿದ್ದಿತ್ತು. ಗಾಳಿ ಹೂಂ ಎಂದರೆ ಸಾಕಿತ್ತು.

ಆದರೆ ಗಾಳಿಯನ್ನೂ ಅವಳು ಅಣ್ಣನಷ್ಟೇ ಚೆನ್ನಾಗಿ ಬಲ್ಲಳು. ಅದೂ ಪ್ರತಿವರ್ಷ ಬರುತ್ತಿತ್ತು, ಗಡಗಡ ಅಲುಗಾಡಿಸುತ್ತಿತ್ತು, ನೋಡೋಣ ಎಂದು ಹೋಗಿಬಿಡುತ್ತಿತ್ತು. ಅದಕ್ಕೆ ಸ್ವಲ್ಪ ಸಹಾಯ ಮಾಡಬೇಕಾಗಿತ್ತು.

ಹೇಗೆಂಬುದು ಅವಳಿಗೆ ಒಂದು ಹಳೆಯ ಕೋಟನ್ನು ಬಿಚ್ಚುತ್ತಿದ್ದಾಗ ಹೊಳೆಯಿತು. ಹೊಲಿಗೆಯನ್ನು ಹರಿಯುವವರು ದಡ್ಡರು. ಬಲ್ಲವರು ಎರಡು ಮೂರು ಹೊಲಿಗೆಗೊಂದರಂತೆ ನೂಲನ್ನು ಕತ್ತರಿಸಿ ಬಿಡುತ್ತಾರೆ. ಮೇಲಿನಿಂದ ನೋಡಿದರೆ ಬಟ್ಟೆ ಇಡಿಯಾಗಿಯೇ ಇರುತ್ತದೆ. ಒಂದು ಸಲ ಜಗ್ಗಿದರೆ ಸರ್ರೆಂದು ಉದ್ದಕ್ಕೂ ಬಿಚ್ಚಿಕೊಳ್ಳುತ್ತದೆ. ಚಾವಣಿಯೂ ಒಂದು ಹೊಲಿಗೆಯೇ. ಮರದ ಪಟ್ಟಿಗೆ ತಗಡಿನ ಶೀಟನ್ನು ಸ್ಕ್ರೂಗಳಿಂದ ಹೊಲಿದಿರುತ್ತಾರೆ, ಅಷ್ಟೆ. ಗಾಳಿ ಎಲ್ಲಿಂದ ಏಳುತ್ತದೆ ಎಂಬುದನ್ನು ಮೀಸೆ ಮೇಸ್ತ್ರಿಯೇ ಅವಳಿಗೆ ಪುಕ್ಕಟೆಯಾಗಿ ಹೇಳಿದ್ದ. "ಗಾಳಿ ಮೇಲಿಂದ ಒತ್ತಲ್ಲ ಅಮ್ಮ, ಕೆಳಗಿಂದ ಎತ್ತುತ್ತೆ. ನಿಮ್ಮ ಮನೇಲಿ ಅದು ಏಳೋದು ಪಡುವಣ ಮೂಲೆಯಿಂದ. ಆ ಮೂಲೆ ಹೋಯ್ತಾ, ಇಡೀ ಚಾವಣಿ ಹೋಯ್ತು ಅಂತ್ಲೇ."

ಬಿಸಿಲುಗಾಲ ಬಂತು. ಮಧ್ಯಾಹ್ನ ಊಟವಾದ ಮೇಲೆ ಅಣ್ಣ ಅಂಗಡಿಯ ಬಾಗಿಲು ಓರೆ ಮಾಡಿ ಕುರ್ಚಿಯಲ್ಲೇ ನಿದ್ದೆ ಹೊಡೆಯುತ್ತಿದ್ದ. ಅತ್ತಿಗೆ ಮನೆಯ ಹಿಂಭಾಗದಲ್ಲಿ ಟಿವಿ ಹಾಕಿಕೊಂಡು ಕೂರುತ್ತಿದ್ದಳು. ಆ ಹೊತ್ತಿನಲ್ಲಿ ಟೇಲರಮ್ಮ ಅಟ್ಟದ ಕಿಂಡಿಯಿಂದ ಚಾವಣಿಗೆ ಹತ್ತುತ್ತಿದ್ದಳು. ಶೀಟು ಬಾಣಲೆಯಂತೆ ಕಾದಿರುತ್ತಿತ್ತು. ಮೊಣಕಾಲಿಗೆ ಕೋಟಿನ ಭುಜದ ಪ್ಯಾಡುಗಳನ್ನು ಕಟ್ಟಿಕೊಂಡು, ಮರದ ಪಟ್ಟಿ ಇರುವ ಜಾಗದ ಮೇಲೆ ಮಾತ್ರ ಊರಿ, ಬೆಕ್ಕಿನಂತೆ ಅಂಚಿನ ತನಕ ಹೋಗುತ್ತಿದ್ದಳು.

ಸ್ಕ್ರೂಗಳನ್ನು ತೆಗೆದು ಬಿಸಾಡುವುದು ಮೂರ್ಖತನ. ವಿಮೆಯ ಕಡೆಯಿಂದ ನೋಡಲು ಬರುವವನು ಮೊದಲು ಕೇಳುವುದೇ ಸ್ಕ್ರೂ ಎಲ್ಲಿ ಎಂದು. ಅವಳು ಸ್ಕ್ರೂವನ್ನು ಬಿಚ್ಚಿ, ಕೆಳಗಿನ ಮರದ ತೂತನ್ನು ದಬ್ಬಳದಿಂದ ಕೊರೆದು ಅಗಲ ಮಾಡಿ, ಉದುರಿದ ಪುಡಿಯನ್ನು ಬಾಯಿಂದ ಊದಿ, ಅದೇ ಸ್ಕ್ರೂವನ್ನು ಅಲ್ಲೇ ಕೂರಿಸುತ್ತಿದ್ದಳು. ಈಗ ಅದು ಬಾಟಲಿಗೆ ಸಡಿಲವಾದ ಬಿರಡೆಯ ಹಾಗೆ ಸುಮ್ಮನೆ ಕೂತಿರುತ್ತಿತ್ತು. ಗಾಳಿ ಎತ್ತಿದಾಗ ಶೀಟಿನ ಜೊತೆ ತಾನೂ ಎದ್ದು ಹೋಗುತ್ತದೆ. ನೋಡಿದವರು, ಬಿರುಗಾಳಿ ಎಳೆದ ಎಳೆತಕ್ಕೆ ಮರವೇ ಬಿಟ್ಟುಕೊಟ್ಟಿದೆ ಎನ್ನುತ್ತಾರೆ.

ಒಂದು ತೊಡಕು ಉಳಿಯಿತು. ಸಡಿಲಾದ ಸ್ಕ್ರೂ ಸಣ್ಣ ಗಾಳಿಗೂ ಕಟಕಟ ಸದ್ದು ಮಾಡುತ್ತದೆ. ಅಂಟು ಹಾಕಿದರೆ ಅಂಟು ಸಾಕ್ಷಿಯಾಗಿ ಉಳಿಯುತ್ತದೆ. ಅದಕ್ಕೆ ಅವಳು ಕಂಡುಕೊಂಡ ಉಪಾಯವನ್ನು ನೆನೆದಾಗಲೆಲ್ಲ ಟೇಲರಮ್ಮನಿಗೆ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಬೇಕೆನಿಸುತ್ತಿತ್ತು: ಗಂಜಿ. ಅಂಗಿಯ ಕಾಲರಿಗೆ ಹಾಕುವ ಗಟ್ಟಿ ಗಂಜಿ. ಒಣಗಿದರೆ ಕಲ್ಲಿನಂತೆ ಕೂರುತ್ತದೆ, ಮಳೆ ತಗುಲಿದರೆ ಕರಗಿ ನೀರಿನ ಜೊತೆ ಹರಿದುಹೋಗುತ್ತದೆ. ಸಾಕ್ಷಿಯನ್ನು ಮಳೆಯೇ ತೊಳೆದುಕೊಂಡು ಹೋಗುತ್ತದೆ. ಇಷ್ಟು ವರ್ಷ ಕಾಡಿದ ಮಳೆ ಒಮ್ಮೆಯಾದರೂ ಅವಳ ಪರವಾಗಿ ಕೆಲಸ ಮಾಡಲಿ.

ಹಾರಿದ ಶೀಟು ಯಾರ ತಲೆಯ ಮೇಲಾದರೂ ಬಿದ್ದರೆ? ಅದನ್ನೂ ಯೋಚಿಸಿದಳು. ಪಡುವಣ ಗಾಳಿಗೆ ಎದ್ದದ್ದು ಬೀಳುವುದು ಮನೆಯ ಹಿಂದಿನ ಗೋದಾಮಿನ ಅಂಗಳಕ್ಕೆ. ಗೋದಾಮು ಮುಚ್ಚಿ ವರ್ಷಗಳಾಗಿದ್ದವು. ಅಲ್ಲಿ ಕುರುಚಲು ಗಿಡ ಬಿಟ್ಟರೆ ನರಪಿಳ್ಳೆ ಇರಲಿಲ್ಲ. ಕೋಣೆಯೊಳಗಿನ ಬಟ್ಟೆ, ಮೆಷಿನ್ನುಗಳನ್ನು ಗೋಡೆಯ ಕಡೆ ಸರಿಸಿ ಪ್ಲಾಸ್ಟಿಕ್ಕು ಹೊದಿಸಿದರೆ ಆಯಿತು. ಸೋರುವ ಮನೆಯಲ್ಲಿ ಅದನ್ನು ಕಂಡು ಯಾರೂ ಹುಬ್ಬೇರಿಸುವುದಿಲ್ಲ.

ಇನ್ನು ಬಾಯಿ. ಬಾಯಿಯ ವಿಷಯದಲ್ಲೂ ಅವಳು ಮೈಯೆಲ್ಲ ಕಣ್ಣಾಗಿದ್ದಳು. ನಾಳೆ ಚಾವಣಿ ಹಾರಿದಾಗ, "ಇವಳು ದಿನಾ ಶೀಟು ಶೀಟು ಅಂತ ಒದ್ದಾಡ್ತಿದ್ಳು" ಎಂದು ಬೀದಿಯವರು ಹೇಳಬಾರದು. ಅದಕ್ಕೇ ಮೊದಲ ಸ್ಕ್ರೂ ಬಿಚ್ಚಿದ ದಿನದಿಂದ ಚಾವಣಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಬಿಸಿಲುಗಾಲ ಬಂದರೆ ಅಣ್ಣನ ತಲೆ ತಿನ್ನುತ್ತಿದ್ದವಳು ಈಗ ಹವೆಯ ಬಗ್ಗೆ, ತರಕಾರಿಯ ಬಗ್ಗೆ ಮಾತಾಡಿದಳು. ನಗುವುದನ್ನೂ ಸ್ವಲ್ಪ ಅಭ್ಯಾಸ ಮಾಡಿಕೊಂಡಳು.

ಅಣ್ಣನಿಗೆ ಇದು ಹಿಡಿಸಿದಂತೆ ಕಾಣಿಸಿತು. ಈಗೀಗ ಅವನು ಕಾರಣವಿಲ್ಲದೆ ಮೇಲೆ ಬರತೊಡಗಿದ್ದ. ಬಾಗಿಲಲ್ಲಿ ನಿಂತು ಖಾಲಿ ಬಕೆಟ್ಟುಗಳನ್ನು ನೋಡುತ್ತಿದ್ದ, ಚಾವಣಿಯನ್ನು ನೋಡುತ್ತಿದ್ದ, ತಂಗಿಯ ಮುಖ ನೋಡುತ್ತಿದ್ದ.

"ಏನಾದ್ರೂ ಹೇಳ್ಬೇಕಿತ್ತಾ ನಿಂಗೆ?" ಎಂದು ಒಂದು ದಿನ ಕೇಳಿದ.

"ನಾನೇನು ಹೇಳ್ಲಿ ಅಣ್ಣ? ಕಾಫಿ ಕುಡೀತೀಯಾ?"

"ಬೇಡ." ಚಾವಣಿಯತ್ತ ಕತ್ತೆತ್ತಿದ. "ಬಿಸಿಲು ಜೋರಾಗಿದೆ ಈ ಸಲ."

"ಹೂಂ ಅಣ್ಣ. ಜೋರಾಗಿದೆ."

ಅವನು ಮೆಟ್ಟಿಲನ್ನು ಒಂದೊಂದಾಗಿ, ನಡುವೆ ನಿಂತು ನಿಂತು ಇಳಿದುಹೋದ. ಬೈಗುಳದ ಕಾಟ ತಪ್ಪಿತೆಂದು ಹಿಗ್ಗುತ್ತಿರಬೇಕು ಎಂದುಕೊಂಡು ಟೇಲರಮ್ಮ ಹಲ್ಲು ಕಚ್ಚಿದಳು. ಅವತ್ತು ಮಧ್ಯಾಹ್ನ ಮಾಮೂಲಿಗಿಂತ ಹೆಚ್ಚು ಸ್ಕ್ರೂಗಳು ಸಡಿಲಾದವು.

ಕೆಲಸ ಮುಗಿಯುವ ಹೊತ್ತಿಗೆ ಗಾಳಿಮಳೆಯ ಕಾಲ ಹತ್ತಿರವಾಗಿತ್ತು. ಚಾವಣಿ ಹಾರುವಾಗ ತಾನು ಊರಿನಲ್ಲೇ ಇರಬಾರದು ಎಂಬುದು ಅವಳ ಲೆಕ್ಕಾಚಾರದ ಕೊನೆಯ ಹೊಲಿಗೆ. ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಊರಿನಲ್ಲಿ ಅಕ್ಕನ ಮನೆ. ಅಕ್ಕನಿಗೆ ಮೊಣಕಾಲು ನೋವು, ಅದು ಯಾವಾಗಲೂ ಇದ್ದದ್ದೇ. "ನಾಲ್ಕು ದಿನ ಅಕ್ಕನ ಹತ್ರ ಇದ್ದು ಬರ್ತೀನಿ" ಎಂದಳು.

"ನಾಲ್ಕೇ ದಿನ ಯಾಕೆ?" ಎಂದ ಅಣ್ಣ ತಟ್ಟನೆ. "ಹೋಗೋದೇ ಅಪರೂಪ. ಆರಾಮಾಗಿ ಇದ್ದು ಬಾ. ಇಲ್ಲಿ ನಾನಿದ್ದೀನಲ್ಲ."

ಇದ್ದೀಯಲ್ಲ, ಎಂದುಕೊಂಡಳು ಅವಳು. ನೀನು ಇರುವುದರಿಂದಲೇ ಇಷ್ಟೆಲ್ಲ.

ಅಕ್ಕನ ಮನೆಯಲ್ಲಿ ಕೂತು ಬಿರುಗಾಳಿಗೆ ಕಾಯುವುದು, ಚಾವಣಿಯವನಿಗೆ ಕಾಯುವುದಕ್ಕಿಂತ ಕಷ್ಟದ ಕೆಲಸವಾಯಿತು. ಆಕಾಶ ಉಜ್ಜಿ ತೊಳೆದ ಸ್ಟೀಲ್ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಟಿವಿಯಲ್ಲಿ ದಿನವೂ "ಮೋಡ ಕವಿದ ವಾತಾವರಣ" ಎನ್ನುತ್ತಿದ್ದರು, ಮೋಡಕ್ಕೆ ಅದು ತಿಳಿದಿರಲಿಲ್ಲ. ಅವಳು ಅಕ್ಕನ ಪರದೆಗಳನ್ನೆಲ್ಲ ಹೊಲಿದು ಮುಗಿಸಿದಳು, ದಿಂಬಿನ ಚೀಲಗಳನ್ನು ಹೊಲಿದಳು, ಭಾವನ ಹಳೆಯ ಪ್ಯಾಂಟುಗಳ ಸೊಂಟ ಬಿಡಿಸಿದಳು. ಮಳೆ ಬೇಡವೆಂದಾಗ ಕೊಡಗಟ್ಟಲೆ ಸುರಿದ ಆಕಾಶ, ಬೇಕೆಂದಾಗ ಅಣ್ಣನ ವರಸೆ ತೆಗೆದಿತ್ತು.

ತಾಳ್ಮೆ ಕೆಟ್ಟು ಒಂದು ದಿನ, "ನಾಳೆ ಹೊರಡ್ತೀನಿ ಅಕ್ಕ," ಎಂದುಬಿಟ್ಟಳು. ಮತ್ತೆ ಬರಲು ಬೇರೆ ನೆವ ಹುಡುಕಿದರಾಯಿತು.

"ಇನ್ನೊಂದೆರಡು ದಿನ ಇರೇ," ಎಂದಳು ಅಕ್ಕ. "ಏನು ಕೊಳ್ಳೆ ಹೋಗ್ತಿದೆ ಅಲ್ಲಿ?" ಹೀಗೆಂದು ಅತ್ತ ತಿರುಗಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಮೊಣಕಾಲು ನೋವಿನವಳು ಆ ವಾರವೆಲ್ಲ ಯಾಕೋ ಬಹಳ ಗೆಲುವಾಗಿದ್ದಳು. ತಂಗಿ ಬಂದ ಸಂತೋಷ, ಪಾಪ, ಎಂದು ಟೇಲರಮ್ಮ ಉಳಿದಳು.

ಉಳಿದದ್ದು ಒಳ್ಳೆಯದಾಯಿತು. ಮಾರನೆಯ ಸಂಜೆ ಪಡುವಣದ ದಿಗಂತ ನೇರಳೆ ಬಣ್ಣಕ್ಕೆ ತಿರುಗಿತು. ಎಲೆ ಅಲುಗಲಿಲ್ಲ, ಹಕ್ಕಿ ಕೂಗಲಿಲ್ಲ. ಆಮೇಲೆ ಗಾಳಿ ಬಂತು. ಅಕ್ಕನ ಊರಿಗೆ ತಟ್ಟಿದ್ದು ಅದರ ಸೆರಗು ಮಾತ್ರ. ಅಷ್ಟಕ್ಕೇ ಬೀದಿಯ ಬೋರ್ಡುಗಳು ಉರುಳಿದವು. ಟೇಲರಮ್ಮ ಕಿಟಕಿಯ ಬಳಿ ನಿಂತು ಸರಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಅವಳ ಕಣ್ಣ ಮುಂದೆ ಪಡುವಣ ಮೂಲೆಯ ಶೀಟು ಮೆಲ್ಲಗೆ ತುದಿಯೆತ್ತುತ್ತಿತ್ತು, ಎದೆಯುಬ್ಬಿಸುತ್ತಿತ್ತು, ಸರ್ರೆಂದು ಹೊಲಿಗೆ ಬಿಚ್ಚಿಕೊಳ್ಳುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಅವಳಿಗೆ ಮಳೆಯ ಸದ್ದು ಹಿತವಾಗಿ ಕೇಳಿಸಿತು.

ಬೆಳಿಗ್ಗೆ ಟಿವಿಯಲ್ಲಿ ಅವರ ಊರೇ ಊರು. ಮರಗಳು ಮಲಗಿದ್ದವು, ಕಂಬಗಳು ಮಲಗಿದ್ದವು, ಒಂದು ಬೀದಿಯಲ್ಲಿ ಸಾಲಾಗಿ ಚಾವಣಿಗಳೇ ಇರಲಿಲ್ಲ. ಅಣ್ಣನಿಗೆ ಫೋನು ಹಚ್ಚಿದಳು, ಸತ್ತ ಸದ್ದು. ಅತ್ತಿಗೆಯದೂ ಹಾಗೆಯೇ. ಊರಿನ ಲೈನುಗಳೆಲ್ಲ ಕಡಿದುಹೋಗಿವೆ ಎಂದು ಟಿವಿಯವರು ಹೇಳಿದರು.

ಕಾಯಬೇಕೇ? ಅವಳು ಯೋಚಿಸಿದಳು. ಊರಿಗೆ ಊರೇ ವಿಮೆ ಕಂಪನಿಯ ಬಾಗಿಲಿಗೆ ಮುಗಿಬೀಳಲಿದೆ. ಮೊದಲು ತಿಳಿಸಿದವರ ಮನೆಗೆ ಮೊದಲು ಬರುತ್ತಾರೆ. ಕೊನೆಯವರು ಮತ್ತೊಂದು ಮಳೆಗಾಲ ಬಕೆಟ್ಟು ಇಡಬೇಕಾಗುತ್ತದೆ. ಬಕೆಟ್ಟು ಇಟ್ಟದ್ದು ಸಾಕಾಗಿತ್ತು. ನೋಡದೆ ಹೇಗೆ ಹೇಳುವುದು ಎಂಬ ಅಳುಕು ಒಂದು ಗಳಿಗೆ ಬಂತು, ಹೋಯಿತು. ಬಿಚ್ಚಿದವಳಿಗೆ ಗೊತ್ತಿರುವುದಿಲ್ಲವೇ ಹೊಲಿಗೆ ಎಲ್ಲಿಂದ ಬಿಡುತ್ತದೆ ಎಂದು?

ಅದೇ ನಯವಾದ ಹೆಣ್ಣುದನಿ. ಕರೆಯನ್ನು ರೆಕಾರ್ಡ್ ಮಾಡಿಕೊಳ್ಳುತ್ತೇವೆ ಎಂದಿತು. ಮಾಡಿಕೊಳ್ಳಿ ಎಂದಳು.

"ಪಡುವಣ ಮೂಲೆಯಿಂದ ಎದ್ದಿದೆ. ಅಂಚಿನ ಸಾಲು ಪೂರ್ತಿ ಹೋಗಿದೆ, ಅದರ ಹಿಂದಿಂದೂ ಹೋಗಿದೆ. ಎಲ್ಲಾ ಹಿಂದಿನ ಗೋದಾಮಿನ ಅಂಗಳದಲ್ಲಿ ಬಿದ್ದಿವೆ."

"ನೀವು ಕಣ್ಣಾರೆ ನೋಡಿದ್ರಾ ಅಮ್ಮ?"

"ಇಲ್ಲ, ನಾನು ನಮ್ಮಕ್ಕನ ಮನೇಲಿದ್ದೀನಿ. ನಮ್ಮಣ್ಣ ಫೋನ್ ಮಾಡಿ ಅಳ್ತಾ ಹೇಳ್ದ. ಹೇಳ್ತಿದ್ದ ಹಾಗೇ ಲೈನ್ ಕಟ್ಟಾಯ್ತು."

ಅಳ್ತಾ ಎಂಬ ಮಾತು ತಾನಾಗಿಯೇ ಬಂದಿತ್ತು. ಅದು ಅವಳಿಗೆ ಬಹಳ ಹಿಡಿಸಿತು.

ಎರಡು ದಿನದಲ್ಲಿ ರಸ್ತೆ ತೆರೆಯಿತು. ವಿಮೆಯವರ ಸರ್ವೇಯರ್ ಬಸ್ ನಿಲ್ದಾಣದಲ್ಲೇ ಸಿಕ್ಕ. ಕುತ್ತಿಗೆಗೆ ಕ್ಯಾಮೆರಾ ಹಾಕಿಕೊಂಡ, ಮಾತು ಕಡಿಮೆಯ ಮನುಷ್ಯ. ಅವಳದೇ ಮೊದಲ ಮನೆ. ಬಿದ್ದ ಮರಗಳನ್ನು ದಾಟುತ್ತ, ಟಾರ್ಪಾಲು ಹೊದ್ದ ಮನೆಗಳ ನಡುವೆ ಇಬ್ಬರೂ ನಡೆದರು. ಅವಳು ಮುಖವನ್ನು ಸಾಕಷ್ಟು ಬಾಡಿಸಿಕೊಂಡಿದ್ದಳು. ತಿರುವಿನಲ್ಲಿ ತಲೆಯೆತ್ತಿದಳು.

ಇಡೀ ಬೀದಿಯಲ್ಲಿ ಒಂದೇ ಒಂದು ಚಾವಣಿ ಕೊಂಕದೆ ನಿಂತಿತ್ತು. ಅಚ್ಚ ಹಸಿರು ಬಣ್ಣದ ಹೊಸ ಶೀಟು, ಮಳೆಯಲ್ಲಿ ಮಿಂದು ಕಣ್ಣು ಕೋರೈಸುತ್ತಿತ್ತು. ಅದರ ಕೆಳಗೆ, ಅಂಗಡಿಯ ಮುಂದೆ, ಮೀಸೆ ಮೇಸ್ತ್ರಿಯ ಹೆಗಲ ಮೇಲೆ ಕೈ ಹಾಕಿಕೊಂಡು ಅಣ್ಣ ನಿಂತಿದ್ದ.

"ನೋಡು!" ಎಂದು ಕೂಗಿದ. "ನೋಡೇ ಮೇಲೆ! ಅಕ್ಕಂಗೂ ಹೇಳಿದ್ದೆ, ಬಾಯಿ ಬಿಡ್ಬೇಡ ಅಂತ. ಗಾಳಿ ಬರೋಕೆ ಮುಂಚಿನ ದಿನವೇ ಕೆಲಸ ಮುಗೀತು!"

ಸರ್ವೇಯರ್ ಹಸಿರು ಚಾವಣಿಯನ್ನು ನೋಡಿದ, ಹಿಂದಿನ ಖಾಲಿ ಅಂಗಳವನ್ನು ನೋಡಿದ, ಅವಳನ್ನು ನೋಡಿದ. ಕ್ಯಾಮೆರಾ ಇದೆ ಎಂದರೆ ಹೊಗಳಿಕೆ ಇದೆ ಎಂದು ತಿಳಿದ ಮೇಸ್ತ್ರಿ ಅವನ ಎದುರು ಬಂದು ಮೀಸೆ ತಿರುವಿದ. "ಬರ್ಕೊಳ್ಳಿ ಸಾರ್. ಹಳೇದು ಇದ್ದಿದ್ರೆ ಈ ಗಾಳಿಗೆ ಕಾಗದದ ಹಾಗೆ ಹೋಗ್ತಿತ್ತು. ಆ ಪಡುವಣ ಮೂಲೇಲಿ ಸ್ಕ್ರೂ ಮುಟ್ಟಿದ್ರೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಯಾರೋ ಪುಣ್ಯಾತ್ಮರು ತೂತು ದೊಡ್ಡದು ಮಾಡಿ, ಗಂಜಿ ಹಾಕಿ ಕೂರ್ಸಿದ್ರು ಸಾರ್, ಗಂಜಿ! ನನ್ನ ಸರ್ವೀಸಲ್ಲೇ ನೋಡಿಲ್ಲ." ಸರ್ವೇಯರ್ ನಿಧಾನವಾಗಿ ಕತ್ತು ತಿರುಗಿಸಿ ಮೆಟ್ಟಿಲ ಬಳಿಯ ಬೋರ್ಡು ಓದಿದ: ಹೊಲಿಗೆ, ರಿಪೇರಿ, ಗಂಜಿ-ಇಸ್ತ್ರಿ. ಕಿಸೆಯಿಂದ ಫೋನು ತೆಗೆದ.

ಅಣ್ಣನಿಗೆ ಇದ್ಯಾವುದೂ ಕಾಣಲಿಲ್ಲ. ಅವನು ತಂಗಿಯ ಕೈ ಹಿಡಿದುಕೊಂಡಿದ್ದ, ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ನೀನು ಬೈತಾ ಇರೋವರೆಗೂ ನಂಗೆ ಧೈರ್ಯ ಇತ್ತು ಕಣೇ. ಬೈತಾಳೆ ಅಂದ್ರೆ ಇನ್ನೂ ತಡ್ಕೋತಾಳೆ, ನೋಡೋಣ, ಅಂತಿದ್ದೆ. ಈ ಬಿಸಿಲುಗಾಲ ನೀನು ಬೈಯೋದೇ ನಿಲ್ಲಿಸ್ಬಿಟ್ಯಲ್ಲ, ಮೇಲೆ ಬಂದು ಬಾಗಿಲಲ್ಲಿ ನಿಂತ್ರೂ ಬೈಲಿಲ್ವಲ್ಲ, ಕಾಫಿ ಕುಡೀತೀಯಾ ಅಂದ್ಯಲ್ಲ, ಅವತ್ತಿಂದ ನಂಗೆ ನಿದ್ದೆ ಇಲ್ಲ. ಇನ್ನು ತಡ ಮಾಡಿದ್ರೆ ಆಗಲ್ಲ, ಶೀಟು ಬದಲಾಯಿಸ್ಲೇಬೇಕು ಅಂತ ಅವತ್ತೇ ಗೊತ್ತಾಯ್ತು."